ಮನೆವಾಸದ ದಿನಗಳಲ್ಲಿ ಸಮೂಹ ಮಾಧ್ಯಮಗಳ ಬಳಕೆ



ಸಾಂಕ್ರಾಮಿಕ ರೋಗಗಳು ಜನರ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ಕುರಿತು ವೈದ್ಯರೂ ತಜ್ಞರೂ ಸಾಕಷ್ಟು ಹೇಳಿದ್ದಾರೆ. ಅಂತಹ ರೋಗಗಳು ಮನೆಯೊಳಗಿನ ದಿನಚರಿಯನ್ನೂ, ಅದರಲ್ಲಿ ವಿಶೇಷವಾಗಿ ನಾವು ಸುದ್ದಿ ತಿಳಿಯುವ ಮತ್ತು ಮನರಂಜನೆ ಪಡೆಯುವ ರೀತಿಯನ್ನೂ ಬದಲಿಸುತ್ತವೆ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಆರಂಭವಾದ ಕೋವಿಡ್ ಕಾಲದ ಮನೆವಾಸವು ನಮ್ಮ ಓದುವ, ಕೇಳುವ, ನೋಡುವ ಅಭ್ಯಾಸಗಳನ್ನು ಕೆಲವೇ ವಾರಗಳಲ್ಲಿ ಬದಲಿಸಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಆರೋಗ್ಯ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಆ ದಿನಗಳಲ್ಲಿ ನಾವು ರೂಢಿಸಿಕೊಂಡ ಅಭ್ಯಾಸಗಳಲ್ಲಿ ಹಲವು ಇಂದಿಗೂ ನಮ್ಮೊಡನೆ ಉಳಿದಿವೆ. ಅವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತಿದ್ದಿಕೊಳ್ಳಬೇಕು ಎಂಬ ವಿಚಾರವನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಚಾರ ಹೆಚ್ಚು ಹತ್ತಿರದ್ದು. ಅದರ ಕಾರಣವನ್ನು ಮುಂದೆ ವಿವರಿಸುತ್ತೇನೆ.

ಬಾಗಿಲಿಗೆ ಬಾರದ ಪತ್ರಿಕೆ

2020ರ ಮಾರ್ಚ್ 22ರಂದು ದೇಶದಲ್ಲಿ ಜನತಾ ಕರ್ಫ್ಯೂ ಆಚರಿಸಲಾಯಿತು. ಮಾರ್ಚ್ 25ರಿಂದ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಜಾರಿಗೆ ಬಂದಿತು. ಅದನ್ನು ಮೊದಲು ಮೇ 3ರವರೆಗೆ, ಅನಂತರ ಮೇ 17ರವರೆಗೆ, ಕೊನೆಗೆ ಮೇ 31ರವರೆಗೆ ವಿಸ್ತರಿಸಲಾಯಿತು. ಮುದ್ರಿತ ಹಾಗೂ ವಿದ್ಯುನ್ಮಾನ ಮಾಧ್ಯಮಗಳು ಅಗತ್ಯ ಸೇವೆಗಳ ಪಟ್ಟಿಯಲ್ಲಿದ್ದವು. ಆದರೂ ಪತ್ರಿಕೆಯ ಕಾಗದದ ಮೂಲಕ ಸೋಂಕು ತಗಲಬಹುದೆಂಬ ಭಯ ನಗರಗಳಲ್ಲಿ ಹರಡಿತು. ಅನೇಕ ವಸತಿ ಸಂಕೀರ್ಣಗಳು ಪತ್ರಿಕೆ ಹಂಚುವವರಿಗೆ ಪ್ರವೇಶವನ್ನು ನಿರಾಕರಿಸಿದವು. ಮುಂಬಯಿಯಲ್ಲಿ ಮಾರ್ಚ್ ಕೊನೆಯ ವಾರದಲ್ಲಿ ಪತ್ರಿಕೆಗಳ ವಿತರಣೆಯೇ ನಿಂತುಹೋಯಿತು. ಏಪ್ರಿಲ್ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರವು ಮನೆಮನೆಗೆ ಪತ್ರಿಕೆ ಹಂಚುವುದನ್ನು ನಿಷೇಧಿಸಿತು. ಬಳಿಕ ಆ ಆದೇಶವನ್ನು ಇತರ ಕಡೆಗಳಲ್ಲಿ ಸಡಿಲಿಸಿದರೂ ಮುಂಬಯಿ ಮತ್ತು ಪುಣೆ ಪ್ರದೇಶಗಳಲ್ಲಿ ಮುಂದುವರಿಸಿತು. ಮುಂಬಯಿಯ ಮನೆಬಾಗಿಲಿಗೆ ಪತ್ರಿಕೆ ಮರಳಿ ಬಂದದ್ದು ಜೂನ್ ತಿಂಗಳಲ್ಲಿ.

ಎರಡು ಮೂರು ತಿಂಗಳ ಈ ಅಂತರ ಸಣ್ಣದೆಂದು ತೋರಬಹುದು. ಆದರೆ ಅಭ್ಯಾಸವೊಂದು ತಪ್ಪಿಹೋಗಲು ಅಷ್ಟು ಕಾಲ ಸಾಕು. ಬೆಳಗಿನ ಕಾಫಿಯೊಡನೆ ಪತ್ರಿಕೆ ಓದುತ್ತಿದ್ದ ಅದೆಷ್ಟೋ ಮನೆಗಳಲ್ಲಿ ಆ ಸ್ಥಾನವನ್ನು ಮೊಬೈಲ್ ದೂರವಾಣಿ ಆಕ್ರಮಿಸಿಕೊಂಡಿತು.

ಇಲ್ಲಿ ಪತ್ರಿಕೆಯ ಎರಡು ಗುಣಗಳನ್ನು ನೆನೆಯಬೇಕು. ಮೊದಲನೆಯದಾಗಿ, ಪತ್ರಿಕೆಗೆ ಕೊನೆಯ ಪುಟವೊಂದಿದೆ. ಅದನ್ನು ಓದಿ ಮಡಿಸಿಟ್ಟರೆ ಆ ದಿನದ ಸುದ್ದಿ ಮುಗಿಯಿತು. ಓದಿದವನು ಮತ್ತೊಂದು ಕೆಲಸಕ್ಕೆ ಏಳುತ್ತಾನೆ. ಎರಡನೆಯದಾಗಿ, ಪತ್ರಿಕೆಗೆ ಹೊಣೆಗಾರರಿದ್ದಾರೆ. ಮುದ್ರಕರ ಮತ್ತು ಪ್ರಕಾಶಕರ ಹೆಸರುಗಳನ್ನು ಅಚ್ಚು ಹಾಕಬೇಕೆಂಬ ನಿಯಮ ನಮ್ಮ ದೇಶದಲ್ಲಿ 1867ರ ಕಾಯಿದೆಯಷ್ಟು ಹಳೆಯದು. ಅಚ್ಚಾದ ಸುದ್ದಿ ತಪ್ಪಾಗಿದ್ದರೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ಗೊತ್ತಿರುತ್ತದೆ. ಮೊಬೈಲಿನ ಪರದೆಯ ಮೇಲೆ ಹರಿದುಬರುವ ಸುದ್ದಿಗೆ ಕೊನೆಯ ಪುಟವಿಲ್ಲ; ಬಹಳಷ್ಟು ಸಲ ಹೊಣೆ ಹೊರುವವರ ಹೆಸರೂ ಇರುವುದಿಲ್ಲ. ಮನೆವಾಸದ ದಿನಗಳಲ್ಲಿ ನಾವು ಕಳೆದುಕೊಂಡವು ಈ ಎರಡು ಸಂಗತಿಗಳು, ಎಂದರೆ ಸುದ್ದಿಗೆ ಇದ್ದ ಮಿತಿ ಮತ್ತು ಸುದ್ದಿಗೆ ಇದ್ದ ಹೊಣೆ.

ದೂರದರ್ಶನದ ಪುನರಾಗಮನ

ಅದೇ ಕಾಲದಲ್ಲಿ ಹಳೆಯ ಅಭ್ಯಾಸವೊಂದು ಮರಳಿಯೂ ಬಂದಿತು. 2020ರ ಮಾರ್ಚ್ 28ರಿಂದ ದೂರದರ್ಶನವು ರಮಾನಂದ ಸಾಗರ್ ಅವರ 'ರಾಮಾಯಣ' ಧಾರಾವಾಹಿಯನ್ನು ದಿನಕ್ಕೆ ಎರಡು ಬಾರಿ ಮರುಪ್ರಸಾರ ಮಾಡತೊಡಗಿತು. ಡಿಡಿ ಭಾರತಿ ವಾಹಿನಿಯಲ್ಲಿ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಬಂದಿತು. 1987-88ರಲ್ಲಿ ಭಾನುವಾರ ಬೆಳಿಗ್ಗೆ ನೆರೆಹೊರೆಯವರೆಲ್ಲ ಒಂದೇ ಮನೆಯಲ್ಲಿ ಕುಳಿತು ನೋಡಿದ್ದ 'ರಾಮಾಯಣ'ವನ್ನು ಮೂವತ್ತೆರಡು ವರ್ಷಗಳ ಬಳಿಕ ಅಜ್ಜ ಅಜ್ಜಿಯರಾದವರು ಮೊಮ್ಮಕ್ಕಳೊಡನೆ ನೋಡಿದರು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ದೂರದರ್ಶನವು ಪ್ರಕಟಿಸಿತು. ವೀಕ್ಷಕರ ಸಂಖ್ಯೆಯನ್ನು ಅಳೆಯುವ ಬಾರ್ಕ್ ಸಂಸ್ಥೆಯ ವರದಿಗಳಂತೆ, ಲಾಕ್‌ಡೌನಿನ ಆರಂಭದ ವಾರಗಳಲ್ಲಿ ಟೆಲಿವಿಷನ್ ವೀಕ್ಷಣೆಯ ಒಟ್ಟು ಕಾಲ ಜನವರಿ ತಿಂಗಳಿಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚಿತ್ತು. ಹೆಚ್ಚಳದ ದೊಡ್ಡ ಪಾಲು ಬಂದದ್ದು ಹಗಲಿನ ವೇಳೆಯಲ್ಲಿ. ಸುದ್ದಿ ವಾಹಿನಿಗಳ ವೀಕ್ಷಣೆಯಂತೂ ಹಲವು ಪಟ್ಟು ಏರಿತು.

ಹಳೆಯ ಕಾರ್ಯಕ್ರಮಗಳು ಮರಳಿದುದಕ್ಕೆ ಪ್ರಾಯೋಗಿಕ ಕಾರಣವೂ ಇತ್ತು. ಮಾರ್ಚ್ ಮೂರನೆಯ ವಾರದಿಂದಲೇ ಚಲನಚಿತ್ರ ಮತ್ತು ಧಾರಾವಾಹಿಗಳ ಚಿತ್ರೀಕರಣ ನಿಂತಿತ್ತು. ಹೊಸ ಕಂತುಗಳಿಲ್ಲದೆ ವಾಹಿನಿಗಳು ತಮ್ಮ ಸಂಗ್ರಹವನ್ನು ತೆರೆದವು. ಕನ್ನಡದ ಮಟ್ಟಿಗೆ ಇದರಿಂದ ಒಂದು ಮುಖ್ಯ ಬದಲಾವಣೆಯಾಯಿತು. ಬೇರೆ ಭಾಷೆಯ ಕಥಾನಕಗಳಿಗೆ ಕನ್ನಡ ಧ್ವನಿಯನ್ನು ಜೋಡಿಸಿ ಪ್ರಸಾರ ಮಾಡುವುದಕ್ಕೆ ಚಿತ್ರರಂಗದಲ್ಲಿ ದಶಕಗಳ ವಿರೋಧವಿತ್ತು. 2020ರ ಮೇ ತಿಂಗಳಲ್ಲಿ ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಖಾಸಗಿ ವಾಹಿನಿಯೊಂದರಲ್ಲಿ ಬಂದಿತು. ಜುಲೈ ತಿಂಗಳಲ್ಲಿ ಡಾ. ಅಂಬೇಡ್ಕರ್ ಅವರ ಜೀವನವನ್ನು ಕುರಿತ ಧಾರಾವಾಹಿಯೂ ಹಾಗೆಯೇ ಬಂದಿತು. ಚಿತ್ರಮಂದಿರಗಳು ಮುಚ್ಚಿದ್ದುದರಿಂದ ಅದೇ ಜುಲೈನಲ್ಲಿ 'ಲಾ' ಎಂಬ ಕನ್ನಡ ಚಿತ್ರವು ಚಿತ್ರಮಂದಿರಕ್ಕೆ ಹೋಗದೆ ಅಂತರಜಾಲದ ಮೂಲಕವೇ ನೇರವಾಗಿ ಬಿಡುಗಡೆಯಾಯಿತು. ಹೊರನಾಡಿನ ನಗರಗಳಲ್ಲಿ ಕನ್ನಡ ಚಿತ್ರಗಳು ಬರುವುದು ಬೆಳಗಿನ ಒಂದು ಆಟಕ್ಕೋ ವಾರಾಂತ್ಯದ ಎರಡು ಆಟಕ್ಕೋ ಎಂಬುದು ತಮಗೆ ತಿಳಿದೇ ಇದೆ. ಹೀಗಾಗಿ ಬೆಂಗಳೂರಿನ ಪ್ರೇಕ್ಷಕನಿಗೂ ಘಾಟ್ಕೋಪರದ ಪ್ರೇಕ್ಷಕನಿಗೂ ಹೊಸ ಚಿತ್ರ ಏಕಕಾಲದಲ್ಲಿ ಲಭಿಸಿದ್ದು ಹೊರನಾಡ ಕನ್ನಡಿಗರಿಗೆ ಆದ ಲಾಭವೆಂದೇ ಹೇಳಬೇಕು.

ಒಬ್ಬೊಬ್ಬರಿಗೆ ಒಂದೊಂದು ಪರದೆ

ದೂರದರ್ಶನದ ಮುಂದೆ ಒಟ್ಟಿಗೆ ಕೂರುವ ಈ ಅಭ್ಯಾಸ ಬಹುಕಾಲ ನಿಲ್ಲಲಿಲ್ಲ. ತಂದೆಗೆ ಕಚೇರಿಯ ಕೆಲಸ, ತಾಯಿಗೆ ಸಭೆ, ಮಕ್ಕಳಿಗೆ ಪಾಠ, ಹಿರಿಯರಿಗೆ ಪ್ರವಚನ ಎಂಬಂತೆ ಎರಡು ಕೋಣೆಗಳ ಮನೆಯಲ್ಲಿ ನಾಲ್ಕು ಪರದೆಗಳು ತೆರೆದುಕೊಂಡವು. ಅಂತರಜಾಲದ ಮೇಲಿನ ಹೊರೆ ಎಷ್ಟಾಯಿತೆಂದರೆ, ಮಾರ್ಚ್ 24ರಂದು ಚಿತ್ರ ಪ್ರಸಾರ ಮಾಡುವ ಪ್ರಮುಖ ಕಂಪನಿಗಳು ಒಟ್ಟಾಗಿ ಸಭೆ ಸೇರಿ, ಮೊಬೈಲ್ ಜಾಲಗಳಲ್ಲಿ ದೃಶ್ಯಗಳ ಗುಣಮಟ್ಟವನ್ನು 480ಪಿ ಪ್ರಮಾಣಕ್ಕೆ ಇಳಿಸಲು ಒಪ್ಪಿದವು. ಕೆಲಸ, ಕಲಿಕೆ, ಸುದ್ದಿ, ವಿನೋದ, ಬಂಧುಗಳ ಕ್ಷೇಮ ಸಮಾಚಾರ ಎಲ್ಲವೂ ಒಂದೇ ಉಪಕರಣಕ್ಕೆ ಬಂದು ಸೇರಿದ್ದರ ಪರಿಣಾಮವಾಗಿ ಅವುಗಳ ನಡುವಿನ ವೇಳೆಯ ಗೆರೆ ಅಳಿಸಿಹೋಯಿತು. ಹಿಂದೆ ಕಚೇರಿಗೆ ಹೋಗುವ ಲೋಕಲ್ ರೈಲಿನಲ್ಲಿ ಪತ್ರಿಕೆ, ರಾತ್ರಿ ಊಟದ ಹೊತ್ತಿಗೆ ವಾರ್ತೆ ಎಂಬ ಕ್ರಮವಿತ್ತು. ಪ್ರಯಾಣವೇ ಇಲ್ಲವಾದಾಗ ಓದಿನ ವೇಳೆಯೂ ಇಲ್ಲವಾಯಿತು. ಇಡೀ ದಿನವೇ ಸುದ್ದಿಯ ವೇಳೆಯಾಯಿತು.

ಮಕ್ಕಳ ವಿಷಯದಲ್ಲಿ ಈ ಬದಲಾವಣೆ ಎರಡು ಬಗೆಯದು. ಗ್ರಾಮೀಣ ಭಾರತದಲ್ಲಿ ನಡೆದ 2020ರ ಅಸರ್ ಸಮೀಕ್ಷೆಯ ಪ್ರಕಾರ, ಶಾಲೆಗೆ ದಾಖಲಾದ ಮಕ್ಕಳಿರುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಉಳ್ಳವುಗಳ ಪ್ರಮಾಣ 2018ರಲ್ಲಿ ಶೇಕಡಾ 36.5 ಇದ್ದುದು ಎರಡೇ ವರ್ಷಗಳಲ್ಲಿ ಶೇಕಡಾ 61.8ಕ್ಕೆ ಏರಿತು. ಆದರೆ ಸಮೀಕ್ಷೆಯ ವಾರದಲ್ಲಿ ಶಾಲೆಯಿಂದ ಯಾವುದಾದರೂ ಪಾಠ ಸಾಮಗ್ರಿ ದೊರೆತ ಮಕ್ಕಳು ಮೂರರಲ್ಲಿ ಒಂದು ಭಾಗದಷ್ಟು ಮಾತ್ರ. ಎಂದರೆ ಉಪಕರಣ ಮನೆಗೆ ಬಂದಷ್ಟು ವೇಗವಾಗಿ ಪಾಠ ಬರಲಿಲ್ಲ. ಈ ಕೊರತೆಯನ್ನು ತುಂಬಲು ಟೆಲಿವಿಷನ್ ಮತ್ತು ಬಾನುಲಿಗಳನ್ನು ಬಳಸಲಾಯಿತು. ಒಂದೊಂದು ತರಗತಿಗೆ ಒಂದೊಂದು ವಾಹಿನಿ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರವು 2020ರ ಮೇ ತಿಂಗಳಲ್ಲಿ ಪ್ರಕಟಿಸಿತು. ದೂರದರ್ಶನ ಚಂದನ ವಾಹಿನಿಯಲ್ಲಿ ಕನ್ನಡ ಮಾಧ್ಯಮದ ಪಾಠಗಳು ಬಂದವು. ಮೊಬೈಲ್ ಇಲ್ಲದ ಮನೆಗೂ ತಲುಪುವ ಶಕ್ತಿ ಸಾರ್ವಜನಿಕ ಪ್ರಸಾರಕ್ಕೆ ಇದೆಯೆಂಬುದು ಆಗ ಮತ್ತೊಮ್ಮೆ ಮನದಟ್ಟಾಯಿತು.

ವದಂತಿ ಮಾಡಿದ ಹಾನಿ

ಹೊಣೆಯಿಲ್ಲದ ಸುದ್ದಿಯಿಂದ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳು ದೂರದಲ್ಲಿಲ್ಲ. 2020ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ, ಕೋಳಿ ಮಾಂಸ ತಿಂದರೆ ಕೊರೋನಾ ಬರುತ್ತದೆಂಬ ಸಂದೇಶ ದೇಶದ ತುಂಬ ಹರಿದಾಡಿತು. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಸರ್ಕಾರದ ಸಂಸ್ಥೆಗಳು ಅದನ್ನು ಸ್ಪಷ್ಟವಾಗಿ ಅಲ್ಲಗಳೆದವು. ಆದರೆ ಸ್ಪಷ್ಟನೆ ಬರುವ ಹೊತ್ತಿಗೆ ಮಾರುಕಟ್ಟೆ ಕುಸಿದಿತ್ತು. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಕೋಳಿ ಸಾಕಣೆದಾರರೊಬ್ಬರು ಮೇವಿನ ಖರ್ಚೂ ಹುಟ್ಟದೆ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಯಲ್ಲಿ ಹೂಳಿದರು. ಸಂದೇಶ ಕಳಿಸಿದವರಿಗೆ ಅದು ಒಂದು ಬೆರಳಿನ ಕೆಲಸ. ಸಾಲ ಮಾಡಿ ಕೋಳಿ ಸಾಕಿದವನಿಗೆ ಅದು ಬದುಕಿನ ಬುಡಕ್ಕೆ ಬಿದ್ದ ಕೊಡಲಿ ಪೆಟ್ಟು.

ಲಾಕ್‌ಡೌನನ್ನು ಮೇ 3ರವರೆಗೆ ವಿಸ್ತರಿಸಿದ ಏಪ್ರಿಲ್ 14ರಂದು ಮುಂಬಯಿಯ ಬಾಂದ್ರಾ ನಿಲ್ದಾಣದ ಬಳಿ ಸಾವಿರಾರು ವಲಸೆ ಕಾರ್ಮಿಕರು ನೆರೆದರು. ಊರಿಗೆ ಹೋಗಲು ರೈಲುಗಳು ಹೊರಡುತ್ತವೆ ಎಂಬ ಮಾತು ಅವರಲ್ಲಿ ಹಬ್ಬಿತ್ತು. ರೈಲುಗಳಿರಲಿಲ್ಲ. ಆ ಜನ ಅವಿವೇಕಿಗಳೆಂದು ತೀರ್ಮಾನಿಸುವುದು ನ್ಯಾಯವಲ್ಲ. ಕೂಲಿ ನಿಂತು, ಕೈಯಲ್ಲಿ ಹಣವಿಲ್ಲದೆ, ಇಕ್ಕಟ್ಟಾದ ಕೋಣೆಯಲ್ಲಿ ದಿನ ಎಣಿಸುತ್ತಿದ್ದವನಿಗೆ ತನ್ನ ಊರಿನ ದಾರಿ ತೆರೆದಿದೆಯೆಂಬ ಸುದ್ದಿಯನ್ನು ನಂಬದಿರುವುದು ಕಷ್ಟ. ನಿಜವಾದ ಮಾಹಿತಿ ಸಕಾಲದಲ್ಲಿ ತಲುಪದ ಕಡೆ ವದಂತಿ ಬೇರೂರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರ ಫೆಬ್ರವರಿಯಲ್ಲಿಯೇ, ರೋಗದ ಜೊತೆಗೆ ಮಾಹಿತಿಯ ಮಹಾಪೂರವನ್ನೂ ಎದುರಿಸಬೇಕಾಗಿದೆಯೆಂದು ಎಚ್ಚರಿಸಿತ್ತು. ಏಪ್ರಿಲ್ 7ರಂದು ವಾಟ್ಸಾಪ್ ಸಂಸ್ಥೆಯು, ಅನೇಕ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಬಹುದೆಂಬ ಮಿತಿಯನ್ನು ವಿಧಿಸಿತು. ಪತ್ರಿಕಾ ಮಾಹಿತಿ ಕಚೇರಿಯು 2019ರಲ್ಲಿ ಆರಂಭಿಸಿದ್ದ ಸತ್ಯಶೋಧನಾ ಘಟಕವು ಕೋವಿಡ್ ಕುರಿತ ಸುಳ್ಳು ಸಂದೇಶಗಳನ್ನು ಪರಿಶೀಲಿಸಿ ಪ್ರಕಟಿಸಿತು. ಈ ಕ್ರಮಗಳೆಲ್ಲ ಅಗತ್ಯವಾಗಿದ್ದವು. ಆದರೆ ಸಂದೇಶವನ್ನು ಕಳಿಸುವ ಅಥವಾ ತಡೆಯುವ ಕೊನೆಯ ನಿರ್ಧಾರ ಅದನ್ನು ಹಿಡಿದಿರುವ ಕೈಯಲ್ಲಿದೆ.

ಅದೇ ಸಾಧನ ಜೀವ ಉಳಿಸಿದ್ದೂ ಉಂಟು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಅಪ್ಪಳಿಸಿದಾಗ ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಆಮ್ಲಜನಕ, ಹಾಸಿಗೆ, ಔಷಧಿಗಳಿಗಾಗಿ ಜನ ಪರಿತಪಿಸಿದರು. ಅಪರಿಚಿತರು ಅಪರಿಚಿತರಿಗಾಗಿ ದೂರವಾಣಿ ಸಂಖ್ಯೆಗಳನ್ನು ಹುಡುಕಿ ಹಂಚಿದರು. ಹೀಗೆ ನೆರವು ಕೋರುವ ನಾಗರಿಕರ ಬಾಯಿ ಮುಚ್ಚಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 30ರಂದು ಎಚ್ಚರಿಸಿತು. ಆ ದಿನಗಳ ಒಂದು ಪಾಠವನ್ನು ಮರೆಯಬಾರದು. ಸಂದೇಶಗಳಲ್ಲಿ ಕೆಲವಕ್ಕೆ ದಿನಾಂಕವಿರಲಿಲ್ಲ. ಹಿಂದಿನ ದಿನವೇ ಖಾಲಿಯಾಗಿದ್ದ ಸಿಲಿಂಡರಿನ ಸಂಖ್ಯೆಗೆ ನೂರಾರು ಜನ ಕರೆ ಮಾಡುತ್ತಿದ್ದರು. ಬುದ್ಧಿವಂತ ಸ್ವಯಂಸೇವಕರು ತಾವೇ ಕರೆ ಮಾಡಿ ವಿಚಾರಿಸಿ, ಇಂತಹ ದಿನ ಇಷ್ಟು ಗಂಟೆಗೆ ಪರಿಶೀಲಿಸಿದೆ ಎಂದು ಬರೆದು ಕಳಿಸಿದರು. ಆ ಒಂದು ಸಾಲು ಸಂದೇಶಕ್ಕೆ ಪತ್ರಿಕೆಯ ಹೊಣೆಯನ್ನು ಮರಳಿ ತಂದಿತು.

ಹೊರನಾಡ ಕನ್ನಡಿಗರ ಸ್ಥಿತಿ

ಈಗ ನಾನು ಮೊದಲು ಸೂಚಿಸಿದ ವಿಶೇಷ ಕಾರಣಕ್ಕೆ ಬರುತ್ತೇನೆ. ಹೊರನಾಡ ಕನ್ನಡಿಗನಿಗೆ ಎರಡು ರಾಜ್ಯಗಳ ಸುದ್ದಿ ಬೇಕು. ತಾನಿರುವ ನಗರದ ನಿಯಮಗಳು ಒಂದು ಭಾಷೆಯಲ್ಲಿ, ತಂದೆತಾಯಿಗಳಿರುವ ಊರಿನ ನಿಯಮಗಳು ಮತ್ತೊಂದು ಭಾಷೆಯಲ್ಲಿ ಬರುತ್ತವೆ. 2020ರ ಮೇ ತಿಂಗಳಲ್ಲಿ ಇದರ ಕಷ್ಟ ಚೆನ್ನಾಗಿ ಅರಿವಿಗೆ ಬಂದಿತು. ಕರ್ನಾಟಕಕ್ಕೆ ಮರಳಬಯಸುವವರು ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕಾಗಿತ್ತು. ಮೇ 18ರಂದು ಕರ್ನಾಟಕ ಸರ್ಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಮತ್ತು ಕೇರಳಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಉಡುಪಿ, ದಕ್ಷಿಣ ಕನ್ನಡ, ಮಂಡ್ಯ, ಹಾಸನ ಜಿಲ್ಲೆಗಳಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದವರಿಗೆ, ಇಂದು ಹೊರಟರೆ ಗಡಿ ದಾಟಬಹುದೇ, ಕ್ವಾರಂಟೈನ್ ಎಷ್ಟು ದಿನ ಎಂಬ ಪ್ರಶ್ನೆಗಳಿಗೆ ಖಚಿತವಾದ ಉತ್ತರ ಬೇಕಾಗಿತ್ತು. ಮುಂಬಯಿಯ ಸುದ್ದಿ ವಾಹಿನಿಗಳಿಗೆ ಅದು ದೂರದ ಸಂಗತಿ. ಊರಿನ ಗುಂಪುಗಳಲ್ಲಿ ಹರಿದಾಡಿದ್ದು ನಿನ್ನೆಯ ಆದೇಶದ ಚಿತ್ರ. ತಪ್ಪು ಮಾಹಿತಿ ನಂಬಿ ಹೊರಟವನಿಗೆ ಗಡಿಯ ತಪಾಸಣಾ ಠಾಣೆಯಲ್ಲಿ ಕಾಯುವುದೇ ಗತಿ.

ಇಂತಹ ಸಂದರ್ಭದಲ್ಲಿ ಮೂಲ ಆದೇಶವನ್ನೇ ಓದುವ ಅಭ್ಯಾಸ ಎಷ್ಟು ಅಮೂಲ್ಯವೆಂಬುದು ಗೊತ್ತಾಗುತ್ತದೆ. ಆದೇಶದ ದಿನಾಂಕ ಯಾವುದು, ಹೊರಡಿಸಿದ ಅಧಿಕಾರಿ ಯಾರು, ಅದು ಅನ್ವಯಿಸುವ ಜಿಲ್ಲೆ ಯಾವುದು ಎಂಬ ಮೂರು ಅಂಶಗಳನ್ನು ನೋಡಿಕೊಂಡರೆ ಅರ್ಧ ಗೊಂದಲ ತೀರುತ್ತದೆ. ಕನ್ನಡ ಸಂಘಗಳು ಇಂತಹ ಆದೇಶಗಳನ್ನು ಪರಿಶೀಲಿಸಿ ಸದಸ್ಯರಿಗೆ ತಿಳಿಸುವ ಸಣ್ಣ ಸಮಿತಿಯೊಂದನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಪ್ರವಾಹವೋ ಮತ್ತೊಂದು ರೋಗವೋ ಬಂದಾಗ ಅದು ನೆರವಾದೀತು.

ಭಾಷೆಯ ದೃಷ್ಟಿಯಿಂದ ಮನೆವಾಸವು ಕೆಲವು ಲಾಭಗಳನ್ನೂ ತಂದಿತು. ನವೆಂಬರಿನಿಂದ ಮೇವರೆಗೆ ತಿರುಗಾಟ ನಡೆಸುವ ಯಕ್ಷಗಾನ ಮೇಳಗಳ ಪ್ರದರ್ಶನ 2020ರ ಮಾರ್ಚಿನಲ್ಲಿ ಅರ್ಧಕ್ಕೇ ನಿಂತು ಕಲಾವಿದರು ಸಂಕಷ್ಟಕ್ಕೆ ಸಿಲುಕಿದರು. ಆದರೆ ಪ್ರೇಕ್ಷಕರಿಲ್ಲದ ಸಭಾಂಗಣಗಳಿಂದ ನೇರ ಪ್ರಸಾರವಾದ ತಾಳಮದ್ದಲೆಗಳನ್ನು ಹೊರನಾಡಿನ ಆಸ್ವಾದಕರು ಮನೆಯಲ್ಲಿಯೇ ಕುಳಿತು ಕೇಳಿದರು. 2020ರ ಆರಂಭದಲ್ಲಿ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ತೆರೆದಿದ್ದ ಡಿಜಿಟಲ್ ಗ್ರಂಥಾಲಯವು ಕಟ್ಟಡಗಳು ಮುಚ್ಚಿದ್ದಾಗಲೂ ತೆರೆದೇ ಇತ್ತು. ಹಿಂದೆ ಧಾರವಾಡ, ಬೆಂಗಳೂರು ಕೇಂದ್ರಗಳ ಧ್ವನಿಯನ್ನು ರಾತ್ರಿಯ ವೇಳೆ ಮಧ್ಯಮ ತರಂಗಾಂತರದಲ್ಲಿ ಗೊರಗೊರ ಶಬ್ದದ ನಡುವೆ ಹುಡುಕಬೇಕಾಗಿತ್ತು. ಈಗ ಪ್ರಸಾರ ಭಾರತಿಯ ಮೊಬೈಲ್ ಸೇವೆಯ ಮೂಲಕ ದೆಹಲಿಯಲ್ಲಿಯೂ ಸ್ಪಷ್ಟವಾಗಿ ಕೇಳಬಹುದು. 'ಆಕಾಶವಾಣಿ' ಎಂಬ ಹೆಸರೇ 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಆರಂಭಿಸಿದ ಬಾನುಲಿ ಕೇಂದ್ರದಿಂದ ಬಂದದ್ದೆಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ರೂಢಿಸಿಕೊಳ್ಳಬೇಕಾದ ಕ್ರಮ

ಬಂಧುಗಳೆ, ಕಾಲವನ್ನು ಹಿಂದಕ್ಕೆ ತಿರುಗಿಸಿ ಮೊಬೈಲನ್ನು ಕೈಬಿಡಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಹೊಸ ಸಾಧನಕ್ಕೆ ಹಳೆಯ ಶಿಸ್ತನ್ನು ಅಳವಡಿಸಬೇಕೆಂಬುದಷ್ಟೇ ನನ್ನ ಸೂಚನೆ. ಪತ್ರಿಕೆಯ ಮಿತಿಯನ್ನೂ ಹೊಣೆಯನ್ನೂ ಈಗ ನಮಗೆ ನಾವೇ ವಿಧಿಸಿಕೊಳ್ಳಬೇಕು.

ಮೊದಲನೆಯದಾಗಿ, ಸುದ್ದಿಗೆ ವೇಳೆಯನ್ನು ಗೊತ್ತುಪಡಿಸಬೇಕು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಒಬ್ಬ ಗೃಹಸ್ಥನಿಗೆ ಸಾಕು. ವಿಪತ್ತಿನ ದಿನಗಳಲ್ಲಿ ಒಂದೇ ಅಂಕಿಅಂಶವನ್ನು ಹತ್ತು ಸಲ ನೋಡುವುದರಿಂದ ತಿಳಿವಳಿಕೆ ಹೆಚ್ಚದು, ಆತಂಕ ಹೆಚ್ಚುತ್ತದೆ. ಎರಡನೆಯದಾಗಿ, ಹೆಸರು, ಸ್ಥಳ, ದಿನಾಂಕ ಇವು ಮೂರೂ ಇಲ್ಲದ ಸಂದೇಶವನ್ನು ಮುಂದೆ ಕಳಿಸಬಾರದು. ಔಷಧಿಯ ವಿಷಯವಾದರೆ ವೈದ್ಯರನ್ನು ಕೇಳದೆ ಕಳಿಸಲೇಬಾರದು. ಮೂರನೆಯದಾಗಿ, ಕಳಿಸಿದ ಸುದ್ದಿ ಸುಳ್ಳೆಂದು ತಿಳಿದರೆ ಅದೇ ಗುಂಪಿನಲ್ಲಿ ಹಾಗೆಂದು ಬರೆಯಬೇಕು. ತಿದ್ದುಪಡಿ ಪ್ರಕಟಿಸುವುದು ಒಳ್ಳೆಯ ಪತ್ರಿಕೆಯ ಲಕ್ಷಣ. ಒಳ್ಳೆಯ ನಾಗರಿಕನ ಲಕ್ಷಣವೂ ಹೌದು. ನಾಲ್ಕನೆಯದಾಗಿ, ಊಟದ ಹೊತ್ತಿನಲ್ಲಿ ಪರದೆಗಳನ್ನು ಬದಿಗಿಡಬೇಕು, ದಿನಕ್ಕೊಂದು ಕಾರ್ಯಕ್ರಮವನ್ನಾದರೂ ಮನೆಮಂದಿಯೆಲ್ಲ ಕೂಡಿ ನೋಡಬೇಕು ಅಥವಾ ಕೇಳಬೇಕು. ಒಬ್ಬರೇ ನೋಡಿದಾಗ ಏಳದ ಪ್ರಶ್ನೆಗಳು ಒಟ್ಟಿಗೆ ನೋಡಿದಾಗ ಏಳುತ್ತವೆ. ಅಂಥ ಪ್ರಶ್ನೆಗಳಿಂದಲೇ ಸುಳ್ಳು ಬಯಲಾಗುತ್ತದೆ.

ಐದನೆಯದು ಹೊರನಾಡಿನ ಮನೆಗಳಿಗೆ ವಿಶೇಷವಾದುದು. ಕನ್ನಡ ಓದಲು ಬಾರದ ಮಕ್ಕಳು ನಮ್ಮ ಮನೆಗಳಲ್ಲಿ ಹೆಚ್ಚುತ್ತಿದ್ದಾರೆ. ಪತ್ರಿಕೆಯ ಸಣ್ಣ ಅಕ್ಷರ ಕಾಣದ ಹಿರಿಯರೂ ಅದೇ ಮನೆಯಲ್ಲಿದ್ದಾರೆ. ದಿನವೂ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು, ಅಚ್ಚಿನಲ್ಲಾಗಲಿ ಪರದೆಯ ಮೇಲಾಗಲಿ, ಮೊಮ್ಮಗಳು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಲಿ, ಅಜ್ಜಿ ಕೇಳಿ ತಿದ್ದಲಿ. ಅದರಿಂದ ಮಗುವಿಗೆ ಲಿಪಿ ಒಲಿಯುತ್ತದೆ, ಹಿರಿಯರಿಗೆ ಸುದ್ದಿ ದೊರೆಯುತ್ತದೆ.

ರೋಗವು ನಮ್ಮನ್ನು ಮನೆಯೊಳಗೆ ಇರಿಸಿದಾಗ ಹೊರಜಗತ್ತು ನಮಗೆ ಕಂಡದ್ದು ಮಾಧ್ಯಮಗಳ ಕಿಟಕಿಯಿಂದ. ಆ ಕಿಟಕಿಯನ್ನು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು, ಅದರಿಂದ ಏನನ್ನು ಒಳಕ್ಕೆ ಬಿಟ್ಟುಕೊಳ್ಳಬೇಕು ಎಂಬ ವಿವೇಕವನ್ನು ನೆಮ್ಮದಿಯ ಈ ದಿನಗಳಲ್ಲಿಯೇ ನಾವು ಬೆಳೆಸಿಕೊಳ್ಳಬೇಕು.